ಹಿಂದಿನ ಗೇರ್ ಸರಿಯಾಗಿ ಬೀಳುತ್ತಿಲ್ಲವೇ? ಸ್ಕ್ರೂ ಮುಟ್ಟುವ ಮೊದಲು ಇಷ್ಟು ನೋಡಿ

ಮೌಂಟನ್ ಬೈಕ್‌ನ ಹಿಂದಿನ ಗೇರ್ ಕೈಕೊಡುವುದು ಹೆಚ್ಚಾಗಿ ಏರು ಶುರುವಾದಾಗಲೇ. ಒಂದು ಕ್ಲಿಕ್ ಒತ್ತುತ್ತೀರಿ, ಚೈನ್ ಅಲ್ಲೇ ಕಟಕಟ ಅನ್ನುತ್ತಾ ಉಳಿಯುತ್ತದೆ. ಇನ್ನೊಂದು ಒತ್ತಿದರೆ ಒಟ್ಟಿಗೆ ಎರಡು ಗೇರ್ ಹಾರುತ್ತದೆ. ಮನೆಗೆ ಬಂದ ಮೇಲೆ ಬಹಳ ಜನ ಮಾಡುವ ಮೊದಲ ಕೆಲಸ ಅಂದರೆ ಸ್ಕ್ರೂಡ್ರೈವರ್ ಹಿಡಿದು ಡಿರೈಲರ್ (ಚೈನನ್ನು ಒಂದು ಗೇರ್‌ನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮೇಲೆ ಕಾಣುವ ಎರಡು ಪುಟ್ಟ ಸ್ಕ್ರೂಗಳನ್ನು ತಿರುಗಿಸುವುದು. ದಯವಿಟ್ಟು ಹಾಗೆ ಮಾಡಬೇಡಿ. ನಿನ್ನೆಯವರೆಗೂ ಸರಿಯಾಗಿದ್ದ ಗೇರ್ ಇವತ್ತು ಕೆಟ್ಟಿದೆ ಅಂದರೆ ಆ ಸ್ಕ್ರೂಗಳು ತಾವಾಗಿಯೇ ತಿರುಗಿರುವುದು ತೀರಾ ಅಪರೂಪ. ಬೇರೆ ಏನೋ ಬದಲಾಗಿದೆ. ಕೇಬಲ್ ಒಳಗೊಳಗೇ ಹಿಡಿಯುತ್ತಿರಬಹುದು, ಡಿರೈಲರ್ ನೇತಾಡುವ ಹ್ಯಾಂಗರ್ ಬಾಗಿರಬಹುದು, ಚೈನ್ ಸವೆದಿರಬಹುದು, ಚಕ್ರವೇ ಓರೆಯಾಗಿ ಕೂತಿರಬಹುದು. ಅದನ್ನು ಹುಡುಕದೆ ಸ್ಕ್ರೂ ತಿರುಗಿಸಿದರೆ ಒಂದಿದ್ದ ತೊಂದರೆ ಎರಡಾಗುತ್ತದೆ, ಆಮೇಲೆ ಯಾವುದು ಮೊದಲಿನದು ಯಾವುದು ನಾವು ಸೇರಿಸಿದ್ದು ಅಂತ ಗೊತ್ತಾಗುವುದಿಲ್ಲ.

ಹಾಗಾಗಿ ಇಲ್ಲಿ ಹೇಳುವ ಕ್ರಮ ಮುಖ್ಯ. ಮೊದಲು ಕಣ್ಣು, ಆಮೇಲೆ ಹ್ಯಾಂಗರ್, ಆಮೇಲೆ ಕೇಬಲ್. ಹೊಂದಾಣಿಕೆ ಎಲ್ಲಕ್ಕಿಂತ ಕೊನೆಗೆ.

ಯಾಕೆ ಇಷ್ಟು ಸೂಕ್ಷ್ಮ ಅಂದರೆ

ಹಳೇ ಕಾಲದ ಗೇರ್‌ಗಳಲ್ಲಿ ಕ್ಲಿಕ್ ಅನ್ನುವುದೇ ಇರಲಿಲ್ಲ. ಲಿವರನ್ನು ಬೇಕಾದಷ್ಟು ಎಳೆದು, ಚೈನ್ ಸದ್ದು ನಿಂತಾಗ ಕೈ ಬಿಡುತ್ತಿದ್ದರು. 1984ರಲ್ಲಿ ಸೈಕಲ್ ಭಾಗಗಳ ಕಂಪನಿ ಶಿಮಾನೊ ತನ್ನ ರೇಸಿಂಗ್ ಸೈಕಲ್‌ನ ಭಾಗಗಳಲ್ಲಿ ಒಂದು ಕ್ಲಿಕ್‌ಗೆ ಒಂದು ಗೇರ್ ಅನ್ನುವ ಪದ್ಧತಿ ತಂದಿತು, ಕೆಲವೇ ವರ್ಷಗಳಲ್ಲಿ ಅದು ಮೌಂಟನ್ ಬೈಕ್‌ಗೂ ಬಂತು. ಅಂದಿನಿಂದ ಲೆಕ್ಕಾಚಾರ ಪೂರ್ತಿ ಕೇಬಲ್ ಮೇಲೆ ನಿಂತಿದೆ. ಶಿಮಾನೊದ 9 ಸ್ಪೀಡ್ (ಹಿಂದೆ 9 ಗೇರ್ ಇರುವ) ಉದಾಹರಣೆ ತೆಗೆದುಕೊಳ್ಳಿ: ಒಂದು ಕ್ಲಿಕ್‌ಗೆ ಹ್ಯಾಂಡಲ್ ಮೇಲಿನ ಶಿಫ್ಟರ್ ಸುಮಾರು 2.5 ಮಿ.ಮೀ. ಕೇಬಲ್ ಎಳೆಯುತ್ತದೆ, ಡಿರೈಲರ್ ಅದನ್ನು ಹೆಚ್ಚಿಸಿ ಸುಮಾರು 4.3 ಮಿ.ಮೀ. ಪಕ್ಕಕ್ಕೆ ಸರಿಯುತ್ತದೆ, ಅಲ್ಲಿ ಪಕ್ಕದ ಕಾಗ್, ಅಂದರೆ ಹಿಂದಿನ ಹಲ್ಲುಚಕ್ರ, ಇರುತ್ತದೆ. ಕೊಳೆಯಿಂದಾಗಿ ಕೇಬಲ್ ಬರೀ ಅರ್ಧ ಮಿ.ಮೀ. ಹಿಂದೆ ಉಳಿದರೂ ಡಿರೈಲರ್ ಹೆಚ್ಚುಕಡಿಮೆ ಒಂದು ಮಿ.ಮೀ. ತಪ್ಪಿದ ಜಾಗದಲ್ಲಿ ನಿಲ್ಲುತ್ತದೆ. 11, 12 ಸ್ಪೀಡ್‌ನಲ್ಲಿ ಕಾಗ್‌ಗಳ ನಡುವಿನ ಅಂತರ ಇನ್ನೂ ಕಮ್ಮಿ, ತಪ್ಪಿಗೆ ಜಾಗವೂ ಅಷ್ಟೇ ಕಮ್ಮಿ.

ಇನ್ನೊಂದು ಸಂಗತಿ. ದೊಡ್ಡ ಕಾಗ್ ಕಡೆಗೆ ಹೋಗುವಾಗ ಡಿರೈಲರನ್ನು ಎಳೆಯುವುದು ನಿಮ್ಮ ಹೆಬ್ಬೆರಳು. ಸಣ್ಣ ಕಾಗ್ ಕಡೆಗೆ ವಾಪಸ್ ಬರುವಾಗ ಎಳೆಯುವವರು ಯಾರೂ ಇಲ್ಲ, ಡಿರೈಲರ್ ಒಳಗಿನ ಸ್ಪ್ರಿಂಗ್ ಒಂದೇ ಗತಿ. ಹೆಬ್ಬೆರಳಿಗೆ ಬಲ ಜಾಸ್ತಿ, ಕೇಬಲ್ ಹಿಡಿಯುತ್ತಿದ್ದರೂ ಎಳೆದುಬಿಡುತ್ತದೆ. ಸ್ಪ್ರಿಂಗ್‌ಗೆ ಅಷ್ಟು ಶಕ್ತಿ ಇಲ್ಲ. ಈ ಒಂದು ವಿಷಯ ತಲೆಯಲ್ಲಿದ್ದರೆ ಅರ್ಧ ರೋಗ ಲಕ್ಷಣದಲ್ಲೇ ಗೊತ್ತಾಗುತ್ತದೆ.

ಲಕ್ಷಣ ಏನು ಹೇಳುತ್ತದೆ

ಬೈಕನ್ನು ಸ್ಟ್ಯಾಂಡ್ ಮೇಲೆ ಹಾಕಿ, ಇಲ್ಲದಿದ್ದರೆ ಯಾರಾದರೂ ಸೀಟ್ ಹಿಡಿದು ಹಿಂದಿನ ಚಕ್ರ ಎತ್ತಲಿ. ಒಂದು ಕೈಯಲ್ಲಿ ಪೆಡಲ್ ತಿರುಗಿಸುತ್ತಾ ಇನ್ನೊಂದು ಕೈಯಲ್ಲಿ ಒಂದೊಂದೇ ಗೇರ್ ಬದಲಿಸಿ. ಮೇಲಕ್ಕೂ ಕೆಳಕ್ಕೂ ಪೂರ್ತಿ ಹೋಗಿ ಬನ್ನಿ. ಅವಸರ ಬೇಡ, ಎಲ್ಲಿ ತಡೆಯುತ್ತಿದೆ ಅಂತ ಗಮನಿಸಿ.

ಸಣ್ಣ ಕಾಗ್ ಕಡೆಗೆ ಪಟ್ ಅಂತ ಇಳಿಯುತ್ತದೆ, ದೊಡ್ಡದಕ್ಕೆ ಹತ್ತಲು ಮಾತ್ರ ಹಿಂಜರಿಯುತ್ತದೆ ಅಂದರೆ ಕೇಬಲ್ ಸ್ವಲ್ಪ ಸಡಿಲವಾಗಿದೆ. ಇದು ಎಲ್ಲಕ್ಕಿಂತ ಸುಲಭದ ಕೇಸು.

ಹತ್ತುವುದು ಸರಿ, ಇಳಿಯಲು ಸತಾಯಿಸುತ್ತದೆ ಅಂದರೆ ಕೇಬಲ್ ತುಸು ಜಾಸ್ತಿ ಬಿಗಿಯಾಗಿರಬಹುದು. ಆದರೆ ನೀವು ಇತ್ತೀಚೆಗೆ ಅದನ್ನು ಮುಟ್ಟಿಯೇ ಇಲ್ಲ ಅನ್ನುವುದಾದರೆ ಅದು ಬಿಗಿಯಲ್ಲ, ಔಟರ್ (ಕೇಬಲ್‌ನ ಹೊರ ಕೊಳವೆ) ಒಳಗೆ ಕೊಳೆ ಅಥವಾ ತುಕ್ಕು. ಎರಡೂ ಕಡೆ ಸೋಮಾರಿಯಾಗಿದೆ, ಒಂದು ಕಡೆ ಸರಿಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ ಅನ್ನುವಂತಿದ್ದರೆ ಇನ್ನೂ ಖಾತ್ರಿ. ಅಲ್ಲಿ ಕೇಬಲ್ ಬಿಗಿ ಹೊಂದಿಸುವ ಅಡ್ಜಸ್ಟರ್ ತಿರುಗಿಸುತ್ತಾ ಕೂರುವುದು ಸುಮ್ನೆ ಸಮಯ ಹಾಳು.

ಸಣ್ಣ ಕಾಗ್‌ಗಳಲ್ಲಿ ಚೆನ್ನಾಗಿದ್ದು ದೊಡ್ಡ ಕಾಗ್‌ಗಳ ಕಡೆ ಹೋದಂತೆ ಕೆಡುತ್ತಾ ಹೋಗುತ್ತದೆ, ಇಲ್ಲವೇ ಅದರ ಉಲ್ಟಾ ಅಂದರೆ ಮೊದಲ ಅನುಮಾನ ಹ್ಯಾಂಗರ್ ಮೇಲೆ. ಒಂದೇ ಒಂದು ಕಾಗ್‌ನಲ್ಲಿ ಮಾತ್ರ ತೊಂದರೆ ಅಂದರೆ ಆ ಕಾಗ್‌ನ ಹಲ್ಲು ಬಾಗಿದೆ ಅಥವಾ ಸವೆದಿದೆ. ಪೆಡಲ್ ಮೇಲೆ ಭಾರ ಬಿದ್ದಾಗ ಮಾತ್ರ ಚೈನ್ ಹಾರುತ್ತದೆ, ಸ್ಟ್ಯಾಂಡ್ ಮೇಲೆ ಏನೂ ಇಲ್ಲ ಅಂದರೆ ಸವೆತ.

ಯಾವ ಗೇರ್‌ನಲ್ಲಿದ್ದರೂ ಒಂದೇ ಲಯದಲ್ಲಿ ಟಕ್ ಅನ್ನುತ್ತದೆಯೇ? ಆಗ ಚೈನ್‌ನ ಒಂದು ಕೊಂಡಿ ಸೆಟೆದುಕೊಂಡಿದೆ. ಲೆಕ್ಕ ಸುಲಭ: 116 ಕೊಂಡಿಯ ಚೈನ್, ಮುಂದೆ 32 ಹಲ್ಲಿನ ಚೈನ್‌ರಿಂಗ್ ಇದ್ದರೆ ಪೆಡಲ್ ಮೂರೂವರೆ ಸುತ್ತಿಗಿಂತ ತುಸು ಜಾಸ್ತಿ ತಿರುಗಿದಾಗ ಅದೇ ಕೊಂಡಿ ಮತ್ತೆ ಬರುತ್ತದೆ. ಪೆಡಲನ್ನು ನಿಧಾನಕ್ಕೆ ಹಿಂದಕ್ಕೆ ತಿರುಗಿಸಿ, ಕೆಳಗಿನ ಜಾಕಿ ವೀಲ್ (ಡಿರೈಲರ್‌ನ ಎರಡು ಪುಟ್ಟ ಹಲ್ಲುಚಕ್ರಗಳಲ್ಲಿ ಒಂದು) ಹತ್ತಿರ ಕಣ್ಣಿಟ್ಟರೆ ಆ ಕೊಂಡಿ ಅಲ್ಲಿಗೆ ಬಂದಾಗ ಡಿರೈಲರ್ ಸಣ್ಣಗೆ ನೆಗೆಯುವುದು ಕಾಣುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ಚೈನನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡಕ್ಕೆ ಮೆಲ್ಲಗೆ ಬಗ್ಗಿಸಿದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ.

ಕಣ್ಣಿಂದ ನೋಡುವ ಐದು ನಿಮಿಷ

ಮೊದಲು ಚಕ್ರ. ಕ್ವಿಕ್ ರಿಲೀಸ್ (ಲಿವರ್ ಎತ್ತಿ ಬಿಚ್ಚುವ ಆಕ್ಸಲ್) ಇದ್ದರೆ ಬಿಚ್ಚಿ, ಬೈಕ್ ನೆಲದ ಮೇಲೆ ನಿಂತಿರುವಾಗಲೇ ಆಕ್ಸಲ್ ಪೂರ್ತಿ ಒಳಗೆ ಕೂರುವಂತೆ ಮಾಡಿ ಮತ್ತೆ ಬಿಗಿ ಮಾಡಿ. ಥ್ರೂ ಆಕ್ಸಲ್ (ಫ್ರೇಮ್‌ಗೇ ತಿರುಗಿಸಿ ಕೂರಿಸುವ ಆಕ್ಸಲ್) ಆದರೆ ಬಿಗಿ ಇದೆಯೇ ನೋಡಿದರೆ ಸಾಕು. ಪಂಕ್ಚರ್ ಹಾಕಿದ ಮಾರನೇ ದಿನ ಗೇರ್ ಕೆಟ್ಟಿದ್ದರೆ ಉತ್ತರ ಬಹುಶಃ ಇಲ್ಲೇ ಇದೆ.

ಆಮೇಲೆ ಕ್ಯಾಸೆಟ್, ಅಂದರೆ ಕಾಗ್‌ಗಳ ಗೊಂಚಲು, ಹಿಡಿದು ಅಲ್ಲಾಡಿಸಿ. ಪಕ್ಕಕ್ಕೆ ಲೊಡಲೊಡ ಅಂದರೆ ಅದನ್ನು ಹಿಡಿದಿರುವ ಲಾಕ್‌ರಿಂಗ್ ಸಡಿಲವಾಗಿದೆ. ಅದಕ್ಕೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಬಿಗಿ ಬೇಕು, ಅಂದರೆ ಕೈಬಲದಿಂದ ಸ್ವಲ್ಪ ಬಿಗಿದರೆ ಸಾಲದು. ಕಾಗ್‌ಗಳೆಲ್ಲ ಒಟ್ಟಿಗೆ ಅಲ್ಲಾಡುತ್ತಿದ್ದು ಲಾಕ್‌ರಿಂಗ್ ಬಿಗಿಯಾಗೇ ಇದ್ದರೆ ಫ್ರೀಹಬ್‌ನ (ಕ್ಯಾಸೆಟ್ ಕೂರುವ ಹಬ್ ಭಾಗ) ಬೇರಿಂಗ್ ನೋಡಬೇಕಾಗುತ್ತದೆ.

ಡಿರೈಲರನ್ನು ಹ್ಯಾಂಗರ್‌ಗೆ ಹಿಡಿದಿರುವ ಬೋಲ್ಟ್, ಹ್ಯಾಂಗರನ್ನು ಫ್ರೇಮ್‌ಗೆ ಹಿಡಿದಿರುವ ಬೋಲ್ಟ್, ಎರಡು ಜಾಕಿ ವೀಲ್‌ಗಳ ಬೋಲ್ಟ್, ಇಷ್ಟನ್ನು ಅಲೆನ್ ಕೀ ಹಾಕಿ ಮುಟ್ಟಿ ನೋಡಿ. ಡಿರೈಲರ್‌ನ ಕೆಳತುದಿಯನ್ನು ಹಿಡಿದು ಚಕ್ರದ ಕಡೆಗೂ ಹೊರಕ್ಕೂ ಅಲುಗಿಸಿ. ಕೂದಲೆಳೆಯಷ್ಟು ಆಟ ಇರುವುದು ಸಹಜ. ಹೊಸ ಡಿರೈಲರ್‌ನಲ್ಲೂ ಇರುತ್ತದೆ. ಕೀಲುಗಳೇ ಸವೆದು ತುದಿ ಬೆರಳಗಲ ಅಲ್ಲಾಡುತ್ತಿದ್ದರೆ ಆ ಡಿರೈಲರ್ ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ, ಬದಲಿಸಿ.

ಜಾಕಿ ವೀಲ್ ಹಲ್ಲು ಮುಳ್ಳಿನಂತೆ ಚೂಪಾಗಿದ್ದರೆ ಅದೂ ಬದಲಿಸುವ ಹೊತ್ತು. ಆದರೆ ಗಮನಿಸಿ, ಶಿಮಾನೊದ ಬಹಳಷ್ಟು ಡಿರೈಲರ್‌ಗಳಲ್ಲಿ ಮೇಲಿನ ಜಾಕಿ ವೀಲ್ ಬೇಕಂತಲೇ ಸ್ವಲ್ಪ ಅಡ್ಡಡ್ಡ ಜಾರುವಂತೆ ಮಾಡಿರುತ್ತಾರೆ, ಚೈನ್ ತಾನೇ ನೇರ ಜಾಗ ಹುಡುಕಿಕೊಳ್ಳಲಿ ಅಂತ. ಅದನ್ನು ಸವೆತ ಅಂದುಕೊಳ್ಳಬೇಡಿ. ಬದಲಿಸುವಾಗ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಲೂ ಬೇಡಿ.

ಹ್ಯಾಂಗರ್: ಬೈಕ್ ಬಲಕ್ಕೆ ಬಿದ್ದಿದ್ದರೆ ಇಲ್ಲಿಂದಲೇ ಶುರು

ಡಿರೈಲರ್ ನೇತಾಡುವ ಆ ಪುಟ್ಟ ಅಲ್ಯೂಮಿನಿಯಂ ತುಂಡು ಬೇಕಂತಲೇ ಮೆತ್ತಗೆ ಇರುತ್ತದೆ. ಬಿದ್ದಾಗ ಅದು ಬಾಗಲಿ, ಫ್ರೇಮ್ ಉಳಿಯಲಿ ಅನ್ನುವುದು ಉದ್ದೇಶ. ಜೋರಾಗಿ ಬೀಳಬೇಕೆಂದೇನೂ ಇಲ್ಲ. ಗೋಡೆಗೆ ಒರಗಿಸಿದ ಬೈಕ್ ಬಲಕ್ಕೆ ಜಾರಿದರೂ, ಕಾರಿನಲ್ಲಿ ಬಲಮಗ್ಗುಲಿಗೆ ಮಲಗಿಸಿ ಒಯ್ದರೂ ಬಾಗಬಹುದು. ಬೈಕಿನ ಹಿಂದೆ ಕೂತು ಒಂದು ಕಣ್ಣು ಮುಚ್ಚಿ ನೋಡಿ. ಚೈನ್ ನಡುವಿನ ಗೇರ್‌ನಲ್ಲಿರಲಿ. ಕಾಗ್, ಮೇಲಿನ ಜಾಕಿ ವೀಲ್, ಕೆಳಗಿನ ಜಾಕಿ ವೀಲ್ ಮೂರೂ ಒಂದೇ ನೇರದ ಗೆರೆಯಲ್ಲಿ ಕಾಣಬೇಕು. ಕೆಳಗಿನದು ಚಕ್ರದ ಕಡೆ ಓರೆಯಾಗಿದ್ದರೆ ಹ್ಯಾಂಗರ್ ಒಳಕ್ಕೆ ಬಾಗಿದೆ, ಹೆಚ್ಚಾಗಿ ಆಗುವುದು ಇದೇ. ಕೇಜ್ ಅನ್ನುವ ಆ ಉದ್ದನೆಯ ತಟ್ಟೆಯೇ ತಿರುಚಿದ್ದರೂ ಹೀಗೇ ಕಾಣುತ್ತದೆ, ಅದಕ್ಕೇ ಎರಡನ್ನೂ ನೋಡಿ.

ಕಣ್ಣಳತೆ ದೊಡ್ಡ ಬಾಗನ್ನು ಹಿಡಿಯುತ್ತದೆ, ಸಣ್ಣದನ್ನು ಹಿಡಿಯುವುದಿಲ್ಲ. 10 ಸ್ಪೀಡ್‌ಗಿಂತ ಮೇಲಿನ ಬೈಕ್‌ಗೆ ಸಣ್ಣ ಬಾಗೂ ಸಾಕು ಕಾಡಲು. ಅದಕ್ಕೆ ಹ್ಯಾಂಗರ್ ಅಲೈನ್‌ಮೆಂಟ್ ಗೇಜ್ ಅನ್ನುವ ಉದ್ದ ಕೈಯ ಸಾಧನ ಬೇಕು. ಮನೆಯಲ್ಲಿ ಗೇರ್ ಕೆಲಸ ಮಾಡಿಕೊಳ್ಳುವವರು ಒಂದೇ ಒಂದು ವಿಶೇಷ ಸಾಧನ ಕೊಳ್ಳುವುದಾದರೆ ಇದನ್ನೇ ಕೊಳ್ಳಿ ಅನ್ನುತ್ತೇನೆ, ಯಾಕಂದರೆ ಉಳಿದ ಬಹುಪಾಲು ಕೆಲಸ ಅಲೆನ್ ಕೀಯಲ್ಲೇ ಮುಗಿಯುತ್ತದೆ, ಇದು ಮಾತ್ರ ಮುಗಿಯುವುದಿಲ್ಲ. ಡಿರೈಲರ್ ಬಿಚ್ಚಿ, ಆ ಜಾಗದಲ್ಲಿ ಗೇಜ್ ತಿರುಗಿಸಿ ಕೂರಿಸಿ. ಚಕ್ರದ ವಾಲ್ವ್ ಇರುವ ಜಾಗವನ್ನು ಗುರುತಾಗಿ ಇಟ್ಟುಕೊಂಡು, ಅಲ್ಲಿ ರಿಮ್‌ಗೂ ಗೇಜಿನ ತುದಿಗೂ ಇರುವ ಅಂತರ ಹೊಂದಿಸಿ. ಈಗ ಚಕ್ರವನ್ನೂ ಗೇಜನ್ನೂ ಒಟ್ಟಿಗೆ ತಿರುಗಿಸಿ, ಅದೇ ವಾಲ್ವ್ ಹತ್ತಿರವೇ ಕೆಳಗೆ, ಮುಂದೆ, ಹಿಂದೆ ಅಳೆಯಿರಿ. ವಾಲ್ವ್ ಯಾಕೆ ಅಂದರೆ ರಿಮ್ ಸ್ವಲ್ಪ ಓಲಾಡುತ್ತಿದ್ದರೂ ಪ್ರತಿ ಸಲ ಅದೇ ಬಿಂದುವನ್ನು ಅಳೆದಾಗ ಲೆಕ್ಕ ತಪ್ಪುವುದಿಲ್ಲ. ಎಲ್ಲೂ ವ್ಯತ್ಯಾಸ 4 ಮಿ.ಮೀ. ದಾಟಬಾರದು, 11 ಮತ್ತು 12 ಸ್ಪೀಡ್‌ಗೆ 2 ಮಿ.ಮೀ. ಒಳಗೆ ತಂದರೆ ಒಳ್ಳೆಯದು. ಗೇಜಿನ ಉದ್ದ ಕೈಯನ್ನೇ ಹಿಡಿದು ಮೆಲ್ಲಗೆ ಒತ್ತಿ ಸರಿಮಾಡಿ, ಸ್ವಲ್ಪ ಒತ್ತಿ, ಬಿಡಿ, ಅಳೆಯಿರಿ.

ಒಂದೇ ಹ್ಯಾಂಗರನ್ನು ಮತ್ತೆ ಮತ್ತೆ ನೇರ ಮಾಡುತ್ತಾ ಹೋಗಬೇಡಿ. ಅಲ್ಯೂಮಿನಿಯಂ ಬಗ್ಗಿದಾಗಲೆಲ್ಲ ಸುಸ್ತಾಗುತ್ತದೆ, ಬಿರುಕು ಕಂಡರೆ ಅಲ್ಲಿಗೆ ಮುಗಿಯಿತು. ಹೊಸ ಹ್ಯಾಂಗರ್ ಹಾಕಿದರೂ ಒಮ್ಮೆ ಗೇಜ್ ಇಟ್ಟು ನೋಡಿ, ಹೊಸದೂ ಎಷ್ಟೋ ಸಲ ಪೂರ್ತಿ ನೇರ ಇರುವುದಿಲ್ಲ. ಕೊಳ್ಳುವಾಗ ನಿಮ್ಮ ಫ್ರೇಮ್‌ನ ಮಾದರಿಗೆ ಸರಿಯಾದದ್ದನ್ನೇ ಕೊಳ್ಳಿ, ನೂರಾರು ಆಕಾರಗಳಿವೆ. 2019ರಲ್ಲಿ ಸ್ರ್ಯಾಮ್ ಕಂಪನಿ ಯುಡಿಎಚ್ ಅನ್ನುವ ಒಂದೇ ಮಾದರಿಯ ಹ್ಯಾಂಗರ್ ತಂದಿತು, ಈಗ ಬೇರೆ ಬೇರೆ ಕಂಪನಿಗಳ ಎಷ್ಟೋ ಫ್ರೇಮ್‌ಗಳು ಅದಕ್ಕೆ ಹೊಂದುತ್ತವೆ. ನಿಮ್ಮದು ಅದಾಗಿದ್ದರೆ ಹುಡುಕಾಟ ತಪ್ಪಿತು. ಯಾವುದೇ ಆಗಲಿ, ಒಂದು ಹೆಚ್ಚುವರಿ ಹ್ಯಾಂಗರ್ ಯಾವಾಗಲೂ ಚೀಲದಲ್ಲಿರಲಿ.

ಬಾಗಿದ ಹ್ಯಾಂಗರ್ ಮೇಲೆ ಗೇರ್ ಹೊಂದಿಸುವುದು ಮುರಿದ ಕಾಲಿಗೆ ಹೊಸ ಚಪ್ಪಲಿ ಹುಡುಕಿದ ಹಾಗೆ. ಅದಕ್ಕಿಂತ ಅಪಾಯದ ವಿಷಯ ಏನೆಂದರೆ, ಒಳಕ್ಕೆ ಬಾಗಿದ ಹ್ಯಾಂಗರ್ ಇಟ್ಟುಕೊಂಡು ಅತಿ ದೊಡ್ಡ ಕಾಗ್‌ಗೆ ಹಾಕಿದರೆ ಡಿರೈಲರ್ ಸೀದಾ ಸ್ಪೋಕ್‌ಗಳಿಗೆ ಸಿಕ್ಕಿಕೊಳ್ಳಬಹುದು. ಡಿರೈಲರ್, ಸ್ಪೋಕ್, ಚೈನ್ ಎಲ್ಲ ಒಂದೇ ಸಲಕ್ಕೆ ಹೋಗುತ್ತವೆ, ನೀವೂ ಬೀಳುತ್ತೀರಿ.

ಕೇಬಲ್ ಮತ್ತು ಔಟರ್: ಹೆಚ್ಚಿನ ರೋಗ ಇಲ್ಲೇ

ಬಿದ್ದಿಲ್ಲ, ಹ್ಯಾಂಗರ್ ನೇರ ಇದೆ, ಆದರೂ ಗೇರ್ ದಿನದಿಂದ ದಿನಕ್ಕೆ ಮಂದವಾಗುತ್ತಾ ಬಂದಿದೆ ಅನ್ನುವವರಿಗೆ ಈ ಭಾಗ.

ತೊಂದರೆ ಶಿಫ್ಟರ್ ಕಡೆಯದೋ ಡಿರೈಲರ್ ಕಡೆಯದೋ ಅಂತ ಬೇರೆ ಮಾಡಲು ಒಂದು ಉಪಾಯ ಇದೆ. ಫ್ರೇಮ್ ಮೇಲೆ ಕೇಬಲ್ ಬರಿಮೈಯಲ್ಲಿ ಕಾಣುವ ಜಾಗ ಇದ್ದರೆ, ಚೈನ್ ಸಣ್ಣ ಕಾಗ್‌ನಲ್ಲಿರುವಾಗ ಪೆಡಲ್ ತಿರುಗಿಸುತ್ತಾ ಆ ಕೇಬಲನ್ನು ಬೆರಳಿಂದ ಹೊರಕ್ಕೆ ಎಳೆಯಿರಿ. ಚೈನ್ ಮೇಲಕ್ಕೆ ಹತ್ತಬೇಕು. ಕೈ ಬಿಟ್ಟ ಕೂಡಲೇ ಪಟಪಟ ಅಂತ ಕೆಳಗಿಳಿಯಬೇಕು. ತೂಕಡಿಸುತ್ತಾ ಇಳಿದರೆ ದೋಷ ಕೈ ಎಳೆದ ಜಾಗದಿಂದ ಹಿಂದಕ್ಕಿದೆ: ಕೊನೆಯ ಔಟರ್ ತುಂಡು ಅಥವಾ ಡಿರೈಲರ್ ಕೀಲು. ಚೆನ್ನಾಗಿಯೇ ಇಳಿದರೆ ದೋಷ ಮುಂದಿದೆ: ಹ್ಯಾಂಡಲ್ ಹತ್ತಿರದ ಔಟರ್ ಅಥವಾ ಶಿಫ್ಟರ್.

ಈಗ ಔಟರ್ ಬಿಚ್ಚಿ ನೋಡೋಣ. ಚೈನನ್ನು ಅತಿ ದೊಡ್ಡ ಕಾಗ್‌ಗೆ ಹತ್ತಿಸಿ, ಪೆಡಲ್ ನಿಲ್ಲಿಸಿ. ಚಕ್ರ ತಿರುಗದಂತೆ ನೋಡಿಕೊಂಡು ಶಿಫ್ಟರನ್ನು ಮಾತ್ರ ಕೊನೆಯ ಗೇರ್‌ವರೆಗೆ ಕ್ಲಿಕ್ ಮಾಡಿ. ಕೇಬಲ್ ಪೂರ್ತಿ ಸಡಿಲವಾಗುತ್ತದೆ, ಔಟರ್ ತುದಿಗಳು ಫ್ರೇಮ್‌ನ ಸ್ಟಾಪ್‌ಗಳಿಂದ ಸುಲಭವಾಗಿ ಹೊರಬರುತ್ತವೆ. ಕೇಬಲ್ ಫ್ರೇಮ್ ಒಳಗೇ ಹಾದುಹೋಗಿದ್ದರೆ ಡಿರೈಲರ್ ಹತ್ತಿರ ಬೋಲ್ಟ್ ಬಿಚ್ಚಬೇಕಾಗುತ್ತದೆ. ಔಟರನ್ನು ಕೇಬಲ್ ಮೇಲೆ ಹಿಂದೆ ಮುಂದೆ ಸರಿಸಿ. ತನ್ನ ಭಾರಕ್ಕೇ ಜಾರುವಷ್ಟು ಸರಾಗ ಇರಬೇಕು. ಗರಗರ ಅಂದರೆ, ಒಂದು ಜಾಗದಲ್ಲಿ ಹಿಡಿದು ಬಿಟ್ಟಂತಾದರೆ, ಕಾರಣ ಸಿಕ್ಕಿತು. ಡಿರೈಲರ್‌ಗೆ ಹೋಗುವ ಕೊನೆಯ ಕುಣಿಕೆಯಂಥ ತುಂಡನ್ನು ಮೊದಲು ನೋಡಿ. ಅದು ಎಲ್ಲಕ್ಕಿಂತ ಕೆಳಗಿದೆ, ಜಾಸ್ತಿ ಬಾಗಿದೆ, ಚಕ್ರ ಎರಚುವ ಕೆಸರೆಲ್ಲ ಅದಕ್ಕೇ. ಅದರೊಳಗಿಂದ ತೆಗೆದ ಕೇಬಲನ್ನು ಬೆಳಕಿಗೆ ಹಿಡಿದರೆ ಬೆಂಡಿನ ಜಾಗದಲ್ಲಿ ಹೊಳಪು ಹೋಗಿ ಕಂದು ಬಣ್ಣಕ್ಕೆ ತಿರುಗಿರುವುದು ಕಾಣುತ್ತದೆ, ಬಟ್ಟೆಯಿಂದ ಒರೆಸಿದರೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತದೆ. ನೂಲು ಸಿಕ್ಕಿತು ಅಂದರೆ ಕೇಬಲ್‌ನ ಎಳೆ ಬಿಡುತ್ತಿದೆ ಎಂದರ್ಥ. ಆ ಕೇಬಲ್‌ಗೆ ಎಣ್ಣೆ ಬಿಟ್ಟು ಮರುಹಾಕುವುದು ಬೇಡ.

ನನ್ನ ಅಭಿಪ್ರಾಯ ಕೇಳಿದರೆ, ಔಟರ್ ಒಳಗೆ ತುಕ್ಕು ಕಂಡಾಗ ಕೇಬಲ್ ಮತ್ತು ಔಟರ್ ಎರಡನ್ನೂ ಒಟ್ಟಿಗೆ ಬದಲಿಸಿ. ಹಳೇ ಔಟರ್‌ಗೆ ಹೊಸ ಕೇಬಲ್ ಹಾಕಿ ಉಳಿಸಿದ ದುಡ್ಡು ದುಡ್ಡೇ ಅಲ್ಲ, ಕೆಲವೇ ದಿನಕ್ಕೆ ಅದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಬದಲಿಸುವಾಗ ಗೇರ್‌ನ ಔಟರನ್ನೇ ತನ್ನಿ, ಬ್ರೇಕ್‌ನದ್ದಲ್ಲ. ನೋಡಲು ಒಂದೇ ಥರ ಇರುತ್ತವೆ, ಒಳಗೆ ಪೂರ್ತಿ ಬೇರೆ. ಬ್ರೇಕ್ ಔಟರ್‌ನಲ್ಲಿ ತಂತಿ ಸ್ಪ್ರಿಂಗ್‌ನಂತೆ ಸುತ್ತಿರುತ್ತದೆ, ಒತ್ತಡ ಬಿದ್ದಾಗ ತುಸು ಕುಗ್ಗುತ್ತದೆ, ಗೇರ್‌ಗೆ ಆ ಕುಗ್ಗುವಿಕೆಯೇ ಶತ್ರು. ಗೇರ್ ಔಟರ್‌ನಲ್ಲಿ ತಂತಿಗಳು ಉದ್ದಕ್ಕೆ ನೇರವಾಗಿ ಓಡುತ್ತವೆ, ಕುಗ್ಗುವುದಿಲ್ಲ. ಅದರ ದಪ್ಪ ಸಾಮಾನ್ಯವಾಗಿ 4 ಮಿ.ಮೀ., ಬ್ರೇಕ್‌ನದ್ದು 5. ಉಲ್ಟಾ ತಪ್ಪು ಇನ್ನೂ ಅಪಾಯ: ಗೇರ್ ಔಟರನ್ನು ಬ್ರೇಕ್‌ಗೆ ಹಾಕಿದರೆ ಜೋರಾಗಿ ಹಿಡಿದಾಗ ಸೀಳಿ ಹೋಗಬಹುದು. ಒಳಗಿನ ಕೇಬಲ್ 1.1 ಅಥವಾ 1.2 ಮಿ.ಮೀ. ಇರುತ್ತದೆ.

ಕತ್ತರಿಸಲು ಹರಿತವಾದ ಕೇಬಲ್ ಕಟರ್ ಬೇಕು, ಸಾಮಾನ್ಯ ಕಟಿಂಗ್ ಪ್ಲೇಯರ್ ತುದಿಯನ್ನು ಜಜ್ಜಿಬಿಡುತ್ತದೆ. ಕತ್ತರಿಸಿದ ತುದಿಯನ್ನು ಅರದಿಂದ ಸಮತಟ್ಟು ಮಾಡಿ, ಒಳಗಿನ ಪ್ಲಾಸ್ಟಿಕ್ ಕೊಳವೆ ಮುಚ್ಚಿಹೋಗಿದ್ದರೆ ಮೊನಚಾದ ಸೂಜಿಯಿಂದ ಬಿಡಿಸಿ, ಆಮೇಲೆ ಟೋಪಿ ಹಾಕಿ. ಈ ಒಂದು ನಿಮಿಷದ ಕೆಲಸವನ್ನು ಬಿಡುವವರೇ ಜಾಸ್ತಿ. ಓರೆಯಾಗಿ ಕತ್ತರಿಸಿದ ತುದಿ ಪ್ರತಿ ಕ್ಲಿಕ್‌ಗೂ ಟೋಪಿಯೊಳಗೆ ಅಲ್ಲಾಡುತ್ತದೆ, ಗೇರ್ ಎಷ್ಟು ಹೊಂದಿಸಿದರೂ ನಿಲ್ಲುವುದಿಲ್ಲ. ಉದ್ದದ ವಿಷಯದಲ್ಲಿ ಹಳೆಯದನ್ನು ಅಳತೆಗೆ ಇಟ್ಟುಕೊಳ್ಳಿ, ಆದರೆ ಹಳೆಯದೇ ತೀರಾ ಗಿಡ್ಡ ಇದ್ದಿರಬಹುದು ಅನ್ನುವುದನ್ನೂ ನೋಡಿ: ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಾಗ ಔಟರ್ ಎಳೆಯಬಾರದು, ಡಿರೈಲರ್ ಹತ್ತಿರ ಬೆಂಡು ಚೂಪಾಗಬಾರದು.

ಕೇಬಲನ್ನು ಡಿರೈಲರ್‌ನ ಬೋಲ್ಟ್‌ಗೆ ಕಟ್ಟುವಾಗ ಅದಕ್ಕಾಗಿ ಇರುವ ಗೀರಿನಲ್ಲೇ ಕೂರಿಸಿ. ಬೋಲ್ಟ್‌ನ ಇನ್ನೊಂದು ಬದಿಗೆ ಹಾಕಿದರೆ ಸನ್ನೆಯ ಅಳತೆಯೇ ಬದಲಾಗಿ ಪ್ರತಿ ಕ್ಲಿಕ್‌ಗೂ ಡಿರೈಲರ್ ಬೇರೆ ದೂರ ಓಡುತ್ತದೆ. ಕಟ್ಟುವಾಗ ಶಿಫ್ಟರ್ ಅತಿ ಸಣ್ಣ ಕಾಗ್‌ನ ಗೇರ್‌ನಲ್ಲಿರಲಿ, ಬ್ಯಾರಲ್ ಅಡ್ಜಸ್ಟರ್ ಪೂರ್ತಿ ಒಳಗೆ ಹೋಗಿ ಒಂದೆರಡು ಸುತ್ತು ಹೊರಗೆ ಬಂದಿರಲಿ.

ಲಿಮಿಟ್ ಸ್ಕ್ರೂ, ಆಮೇಲೆ ಬಿ ಸ್ಕ್ರೂ

ಎಚ್ ಮತ್ತು ಎಲ್ ಅಂತ ಗುರುತು ಇರುವ ಎರಡು ಸ್ಕ್ರೂಗಳು ಬರೀ ಎರಡು ಗಡಿಗಳು. ಎಚ್ ಅತಿ ಸಣ್ಣ ಕಾಗ್‌ನ ಆಚೆ ಹೋಗದಂತೆ ತಡೆಯುತ್ತದೆ, ಎಲ್ ಅತಿ ದೊಡ್ಡದರ ಆಚೆ ಸ್ಪೋಕ್‌ಗೆ ಹೋಗದಂತೆ. ನಡುವಿನ ಗೇರ್‌ಗಳಿಗೂ ಇವಕ್ಕೂ ಸಂಬಂಧವೇ ಇಲ್ಲ. ನಡುವಿನ ಗೇರ್ ಕಟಕಟ ಅಂದರೆ ಇವುಗಳನ್ನು ತಿರುಗಿಸಿ ಪ್ರಯೋಜನ ಇಲ್ಲ ಅನ್ನುವುದು ಇದಕ್ಕೇ. ಒಳಕ್ಕೆ ತಿರುಗಿಸಿದರೆ ಓಡಾಟದ ಜಾಗ ಕಿರಿದಾಗುತ್ತದೆ, ಹೊರಕ್ಕೆ ತಿರುಗಿಸಿದರೆ ಹಿಗ್ಗುತ್ತದೆ.

ಎಚ್ ನೋಡುವಾಗ ಕೇಬಲ್ ಬಿಚ್ಚಿರಲಿ, ಇಲ್ಲದಿದ್ದರೆ ಡಿರೈಲರ್ ನಿಂತಿರುವುದು ಸ್ಕ್ರೂ ಮೇಲೋ ಕೇಬಲ್ ಮೇಲೋ ತಿಳಿಯುವುದಿಲ್ಲ. ಹಿಂದಿನಿಂದ ನೋಡಿದಾಗ ಮೇಲಿನ ಜಾಕಿ ವೀಲ್ ಅತಿ ಸಣ್ಣ ಕಾಗ್‌ನ ಹೊರ ಅಂಚಿನ ಕೆಳಗೆ ನೇರ ಬರಬೇಕು. ಎಲ್‌ಗೆ, ಪೆಡಲ್ ನಿಧಾನ ತಿರುಗಿಸುತ್ತಾ ಡಿರೈಲರ್ ಮೈಯನ್ನೇ ಕೈಯಿಂದ ಒಳಕ್ಕೆ ತಳ್ಳಿ, ಬೆರಳು ಸ್ಪೋಕ್ ಹತ್ತಿರ ಹೋಗದಂತೆ ಜಾಗ್ರತೆ. ಚೈನ್ ಅತಿ ದೊಡ್ಡ ಕಾಗ್‌ಗೆ ಸರಾಗವಾಗಿ ಹತ್ತಬೇಕು, ಎಷ್ಟು ತಳ್ಳಿದರೂ ಅದರಾಚೆ ಹೋಗಬಾರದು.

ಮೂರನೆಯದು ಬಿ ಸ್ಕ್ರೂ. ಮೇಲಿನ ಜಾಕಿ ವೀಲ್‌ಗೂ ದೊಡ್ಡ ಕಾಗ್‌ಗೂ ನಡುವಿನ ಅಂತರ ಇದರ ಕೆಲಸ. ಹತ್ತಿರ ಆದರೆ ದೊಡ್ಡ ಕಾಗ್‌ಗೆ ಉಜ್ಜಿ ಗುರಗುರ ಅನ್ನುತ್ತದೆ, ದೂರ ಆದರೆ ಎಲ್ಲ ಗೇರ್‌ಗಳೂ ಮಂದವಾಗುತ್ತವೆ. 50 ಅಥವಾ 51 ಹಲ್ಲಿನ ದೊಡ್ಡ ಕಾಗ್ ಬಂದ ಮೇಲೆ ಈ ಸ್ಕ್ರೂಗೆ ಬೆಲೆ ಬಂದಿದೆ. 12 ಸ್ಪೀಡ್ ಬೈಕ್‌ನಲ್ಲಿ ಹ್ಯಾಂಗರೂ ಕೇಬಲೂ ಸರಿಯಿದ್ದು ಗೇರ್ ಇನ್ನೂ ಒರಟಾಗಿದ್ದರೆ ನಾನು ಮೊದಲು ನೋಡುವುದು ಇದನ್ನೇ. ಶಿಮಾನೊದ 12 ಸ್ಪೀಡ್ ಡಿರೈಲರ್‌ಗಳ ಕೇಜ್ ಹಿಂಭಾಗದಲ್ಲಿ ಒಂದು ಗೆರೆ ಇರುತ್ತದೆ, ಅದು ದೊಡ್ಡ ಕಾಗ್‌ನ ಹಲ್ಲಿನ ತುದಿಗೆ ಸರಿಹೊಂದಬೇಕು. ಸ್ರ್ಯಾಮ್‌ನ 12 ಸ್ಪೀಡ್ ಮಾದರಿ ಈಗಲ್‌ಗೆ ಒಂದು ಪ್ಲಾಸ್ಟಿಕ್ ಅಳತೆಪಟ್ಟಿ ಕೊಡುತ್ತಾರೆ. ಹಿಂದೆಯೂ ಸಸ್ಪೆನ್ಶನ್ ಇರುವ ಬೈಕ್ ಆದರೆ ಇದನ್ನು ಸ್ಟ್ಯಾಂಡ್ ಮೇಲೆ ಅಳೆಯಬೇಡಿ. ನೀವು ಬೈಕ್ ಮೇಲೆ ಕೂತಾಗ ಸಸ್ಪೆನ್ಶನ್ ಸ್ವಲ್ಪ ಕುಸಿಯುತ್ತದೆ ಅಲ್ವಾ, ಆಗ ಈ ಅಂತರವೇ ಬದಲಾಗುತ್ತದೆ. ನೀವು ಕೂತಿರಿ, ಇನ್ನೊಬ್ಬರು ಅಳೆಯಲಿ.

ಈಗ ಹೊಂದಿಸಿ

ಇಲ್ಲಿವರೆಗಿನದು ಸರಿಯಿದ್ದರೆ ಉಳಿದದ್ದು ಎರಡು ನಿಮಿಷ. ಅತಿ ಸಣ್ಣ ಕಾಗ್‌ನಿಂದ ಶುರು ಮಾಡಿ, ಪೆಡಲ್ ತಿರುಗಿಸುತ್ತಾ ಒಂದು ಕ್ಲಿಕ್. ಚೈನ್ ಎರಡನೇ ಕಾಗ್‌ಗೆ ಬರಬೇಕು. ಬರದಿದ್ದರೆ ಬ್ಯಾರಲ್ ಅಡ್ಜಸ್ಟರನ್ನು ಕಾಲು ಸುತ್ತು ಹೊರಕ್ಕೆ ತಿರುಗಿಸಿ ಮತ್ತೆ ನೋಡಿ. ಅಡ್ಜಸ್ಟರ್ ಹೊರಗೆ ಬಂದಷ್ಟೂ ಕೇಬಲ್ ಬಿಗಿ, ಒಳಗೆ ಹೋದಷ್ಟೂ ಸಡಿಲ. ಕೆಲವು ಬೈಕ್‌ಗಳಲ್ಲಿ ಇದು ಡಿರೈಲರ್ ಮೇಲಿರುತ್ತದೆ, ಹೊಸ ಬೈಕ್‌ಗಳಲ್ಲಿ ಹೆಚ್ಚಾಗಿ ಶಿಫ್ಟರ್ ಹತ್ತಿರ ಮಾತ್ರ. ಎಡಕ್ಕೋ ಬಲಕ್ಕೋ ಅಂತ ಗೊಂದಲ ಮಾಡಿಕೊಳ್ಳಬೇಡಿ, ಹೊರಗೆ ಬರುತ್ತಿದೆಯೋ ಒಳಗೆ ಹೋಗುತ್ತಿದೆಯೋ ನೋಡಿದರೆ ಸಾಕು.

ಎರಡನೇ ಕಾಗ್‌ನಲ್ಲಿ ಚೈನ್ ನಿಂತ ಮೇಲೆ ಅಡ್ಜಸ್ಟರನ್ನು ಮೆಲ್ಲಗೆ ಇನ್ನೂ ಹೊರಕ್ಕೆ ತಿರುಗಿಸುತ್ತಾ ಕಿವಿಗೊಡಿ. ಮೂರನೇ ಕಾಗ್‌ಗೆ ಚೈನ್ ತಗಲುವ ಸಣ್ಣ ಸದ್ದು ಬರುತ್ತದೆ. ಸದ್ದು ಬಂದ ಕೂಡಲೇ ನಿಲ್ಲಿಸಿ, ಅದು ಹೋಗುವಷ್ಟು ಮಾತ್ರ ವಾಪಸ್ ತಿರುಗಿಸಿ. ಈಗ ಎಲ್ಲ ಗೇರ್ ಹತ್ತಿಸಿ ಇಳಿಸಿ. ಹತ್ತುವಾಗ ತಡ ಆದರೆ ಕಾಲು ಸುತ್ತು ಹೊರಕ್ಕೆ, ಇಳಿಯುವಾಗ ತಡ ಆದರೆ ಕಾಲು ಸುತ್ತು ಒಳಕ್ಕೆ. ಎರಡು ಮೂರು ಸಲ ಹೀಗೆ ಮಾಡಿಯೂ ಎರಡೂ ಕಡೆ ಒಟ್ಟಿಗೆ ಸರಿಬರದಿದ್ದರೆ ನಿಲ್ಲಿಸಿ. ಕೇಬಲ್ ಅಥವಾ ಹ್ಯಾಂಗರ್‌ನಲ್ಲಿ ಏನೋ ಉಳಿದುಕೊಂಡಿದೆ, ಹಿಂದಕ್ಕೆ ಹೋಗಿ ನೋಡಿ.

ಹೊಸ ಕೇಬಲ್ ಹಾಕಿದ್ದರೆ ಹೊಂದಿಸುವ ಮೊದಲು ಬರಿಮೈ ಕೇಬಲನ್ನು ಕೈಯಿಂದ ಜೋರಾಗಿ ಎಳೆದು, ಎಲ್ಲ ಗೇರ್‌ಗಳನ್ನು ಹಲವು ಸಲ ಹತ್ತಿಸಿ ಇಳಿಸಿ. ಕೇಬಲ್ ಹಿಗ್ಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಿಜವಾಗಿ ಆಗುವುದು ಔಟರ್ ತುದಿಗಳು ಟೋಪಿಯೊಳಗೆ ಗಟ್ಟಿಯಾಗಿ ಕೂರುವುದು. ಹಾಗೆ ಕೂತಾಗ ಕೇಬಲ್ ಸ್ವಲ್ಪ ಸಡಿಲವಾಗುತ್ತದೆ. ಮೊದಲ ಒಂದೆರಡು ರೈಡ್ ಆದಮೇಲೆ ಅಡ್ಜಸ್ಟರ್ ಕಾಲು ಸುತ್ತು ಹೊರಕ್ಕೆ ಬೇಕಾಗುವುದು ಇದಕ್ಕೇ.

ಭಾರ ಬಿದ್ದಾಗ ಹಾರುವ ಚೈನ್

ಇದು ಗೇರ್ ಹೊಂದಾಣಿಕೆಯ ಸಮಸ್ಯೆ ಅಂದುಕೊಂಡು ಜನ ದಿನಗಟ್ಟಲೆ ಅಡ್ಜಸ್ಟರ್ ತಿರುಗಿಸುತ್ತಾರೆ. ಚೈನ್ ಅಳೆಯಿರಿ. ಚೈನಿನ ಒಂದು ಪಿನ್ನಿಂದ ಇನ್ನೊಂದಕ್ಕೆ 12.7 ಮಿ.ಮೀ., ಅಂದರೆ 24 ಕೊಂಡಿಗೆ 304.8 ಮಿ.ಮೀ. ಅದು 306.3ಕ್ಕೆ ಬಂದರೆ ಅರ್ಧ ಶೇಕಡಾ ಸವೆತ, 11 ಮತ್ತು 12 ಸ್ಪೀಡ್‌ನವರು ಅಲ್ಲಿಗೇ ಬದಲಿಸಿ. 10 ಸ್ಪೀಡ್‌ವರೆಗಿನವರು 307 ತನಕ ಕಾಯಬಹುದು. ಸ್ಕೇಲ್‌ನಲ್ಲಿ ಇಷ್ಟು ಸೂಕ್ಷ್ಮ ಓದುವುದು ಕಷ್ಟ, ಚೈನ್ ಚೆಕ್ಕರ್ ಅನ್ನುವ ಪುಟ್ಟ ಪಟ್ಟಿ ಇದ್ದರೆ ಕ್ಷಣದ ಕೆಲಸ. ತಡ ಮಾಡಿದರೆ ಸವೆದ ಚೈನ್ ಕ್ಯಾಸೆಟ್ಟನ್ನೂ ತನ್ನ ಅಳತೆಗೆ ಸವೆಸುತ್ತದೆ. ಆಗ ಹೊಸ ಚೈನ್ ಹಾಕಿದ ಮೇಲೆಯೇ ಹಾರಾಟ ಶುರುವಾಗುತ್ತದೆ, ಅದೂ ನೀವು ಜಾಸ್ತಿ ಬಳಸುವ ಎರಡು ಮೂರು ಕಾಗ್‌ಗಳಲ್ಲಿ ಮಾತ್ರ. ಅದಕ್ಕೆ ಕ್ಯಾಸೆಟ್ ಬದಲಿಸದೆ ಬೇರೆ ದಾರಿ ಇಲ್ಲ.

ತಾನಾಗಿಯೇ ಬದಲಾಗುವ ಗೇರ್, ಯಾವತ್ತೂ ಸರಿಹೋಗದ ಗೇರ್

ನೀವು ಏನೂ ಒತ್ತದೆ, ಕಲ್ಲು ಗುಂಡಿಗಳ ಮೇಲೆ ಹೋಗುವಾಗ ಗೇರ್ ಬದಲಾಗುತ್ತದೆಯೇ? ಹಿಂದೆ ಸಸ್ಪೆನ್ಶನ್ ಇದ್ದರೆ ಗಾಳಿ ಬಿಟ್ಟು, ಅಥವಾ ಕಾಯಿಲ್ ಆದರೆ ಸ್ಪ್ರಿಂಗ್ ತೆಗೆದು, ಪೂರ್ತಿ ಒತ್ತಿ ನೋಡಿ. ಔಟರ್ ಎಲ್ಲಾದರೂ ಎಳೆಯುತ್ತಿದ್ದರೆ ಅದು ಗಿಡ್ಡ ಇದೆ. ಚೈನ್ ಉದ್ದ ಸಾಲದಿದ್ದರೂ ಇದೇ ಹೊತ್ತಲ್ಲಿ ಗೊತ್ತಾಗುತ್ತದೆ. ಡಿರೈಲರ್‌ಗೆ ಕ್ಲಚ್ (ಚೈನ್ ಕುಣಿಯದಂತೆ ಕೇಜನ್ನು ಬಿಗಿ ಹಿಡಿಯುವ ಭಾಗ) ಇದ್ದರೆ ಅದು ಆನ್ ಆಗಿದೆಯೇ ನೋಡಿ, ಚಕ್ರ ಬಿಚ್ಚುವಾಗ ಆಫ್ ಮಾಡಿ ಮರೆಯುವುದು ಸಾಮಾನ್ಯ.

ಭಾಗ ಬದಲಿಸಿದ ದಿನದಿಂದಲೂ ಗೇರ್ ಸರಿಬಂದೇ ಇಲ್ಲ ಅನ್ನುವವರು ಶಿಫ್ಟರ್ ಮತ್ತು ಡಿರೈಲರ್ ಮೇಲಿನ ಹೆಸರು ಓದಿ. ಶಿಮಾನೊ ಶಿಫ್ಟರ್ ಎಳೆಯುವ ಕೇಬಲ್ ಅಳತೆ ಬೇರೆ, ಸ್ರ್ಯಾಮ್‌ನದ್ದು ಬೇರೆ. ಶಿಮಾನೊದೊಳಗೇ 9 ಸ್ಪೀಡ್ ಮೌಂಟನ್ ಬೈಕ್‌ನ ಅಳತೆ 10 ಸ್ಪೀಡ್‌ಗೆ ಹೊಂದುವುದಿಲ್ಲ. ಹೊಂದದ ಜೋಡಿಯನ್ನು ಯಾವ ಮೆಕ್ಯಾನಿಕ್ಕೂ ಹೊಂದಿಸಲಾರ, ಒಂದನ್ನು ಬದಲಿಸಲೇಬೇಕು.

ಶಿಫ್ಟರ್ ಕ್ಲಿಕ್ ಅನ್ನದೆ ಲಿವರ್ ಸುಮ್ನೆ ಖಾಲಿ ಓಡಿದರೆ ಒಳಗಿನ ಗ್ರೀಸ್ ಗಟ್ಟಿಯಾಗಿದೆ, ಬಹಳ ದಿನ ನಿಂತ ಬೈಕ್‌ನಲ್ಲಿ ಇದು ಆಗುತ್ತದೆ. ಕೇಬಲ್ ತೆಗೆದು, ಒಳಕ್ಕೆ ಡಿಗ್ರೀಸರ್ ಸಿಂಪಡಿಸಿ, ಹಿಡಿಯುವವರೆಗೆ ಲಿವರ್ ಒತ್ತುತ್ತಾ ಇರಿ, ಆಮೇಲೆ ತೆಳು ಎಣ್ಣೆ ಬಿಡಿ. ಅದೇ ಹೊತ್ತಿಗೆ ಕೇಬಲ್ ತಲೆಯ ಹತ್ತಿರ ಎಳೆ ಬಿಟ್ಟಿದೆಯೇ ನೋಡಿ, ಒಳಗೆ ಮುರಿದ ತುಂಡು ಉಳಿದಿದ್ದರೆ ಇಕ್ಕಳದಿಂದ ತೆಗೆಯಿರಿ.

ದಾರಿಯಲ್ಲೇ ಕೇಬಲ್ ತುಂಡಾದರೆ

ಡಿರೈಲರ್ ಅತಿ ಸಣ್ಣ ಕಾಗ್‌ಗೆ ಹೋಗಿ ನಿಲ್ಲುತ್ತದೆ, ಆ ಗೇರ್‌ನಲ್ಲಿ ಏರು ಹತ್ತುವುದು ಆಗದ ಮಾತು. ತುಂಡಾದ ಕೇಬಲ್ ತುದಿಯನ್ನು ಸುತ್ತಿ ಚಕ್ರಕ್ಕೆ ಸಿಗದಂತೆ ಕಟ್ಟಿ. ಆಮೇಲೆ ಡಿರೈಲರನ್ನು ಕೈಯಿಂದ ಒಳಕ್ಕೆ ತಳ್ಳಿ ಹಿಡಿದು ಎಚ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ, ಒಂದು ಅಥವಾ ಎರಡು ಕಾಗ್ ಮೇಲೆ ಚೈನ್ ನಿಲ್ಲುತ್ತದೆ. ಪೆಡಲ್ ತಿರುಗಿಸಿ ಸದ್ದಿಲ್ಲದ ಜಾಗ ಸಿಗುವವರೆಗೆ ಹೊಂದಿಸಿ, ಅಷ್ಟರಲ್ಲಿ ಮನೆ ಸೇರಬಹುದು. ತಿರುಗಿಸುವಾಗ ಎಷ್ಟು ಸುತ್ತು ಅಂತ ಎಣಿಸಿಟ್ಟುಕೊಳ್ಳಿ, ಹೊಸ ಕೇಬಲ್ ಹಾಕುವ ಮೊದಲು ಅಷ್ಟೇ ಸುತ್ತು ವಾಪಸ್ ಬಿಚ್ಚಬೇಕು.